ನಮ್ಮ ಮಳೆ ಬೆನ್ನ ಹಿಂದಿನಿಂದ ಬರುತ್ತದೆ

ಆಷಾಢದಲ್ಲಿ ನಮ್ಮ ಹೊಲದ ಬದುವಿನ ಮೇಲೆ ನಿಂತರೆ ತಲೆಗೆ ಸುತ್ತಿದ ಟವೆಲ್ ನಿಲ್ಲುವುದಿಲ್ಲ. ಪಶ್ಚಿಮದಿಂದ ಒಂದೇ ಸಮನೆ ಗಾಳಿ. ಮೋಡಗಳು ಸಂತೆಗೆ ಹೊತ್ತಾಯಿತು ಅನ್ನುವ ಹಾಗೆ ಓಡುತ್ತಿರುತ್ತವೆ. ಒಂದು ಹನಿ ಮುಖಕ್ಕೆ ಬೀಳುತ್ತದೆ. ಇನ್ನೊಂದು ಬೀಳುವಷ್ಟರಲ್ಲಿ ಮೋಡ ಊರು ದಾಟಿರುತ್ತದೆ. ಚಿಕ್ಕವನಿದ್ದಾಗ ಆ ಮೋಡ ನೋಡಿ ನಾನು ಕುಣಿಯುತ್ತಿದ್ದೆ. ಮುತ್ಯಾ ಮಾತ್ರ ತಲೆ ಎತ್ತುತ್ತಿರಲಿಲ್ಲ. "ಇದು ಬರಿಗೊಡದ ಗಾಳಿ ತಮ್ಮಾ. ಎಲ್ಲೋ ಸುರುವಿ ಬಂದದ" ಎಂದು ಎತ್ತು ಹೊಡೆದುಕೊಂಡು ಮುಂದೆ ಹೋಗುತ್ತಿದ್ದ.

ಶ್ರಾವಣ ಮುಗಿಯುತ್ತಾ ಬಂದರೆ ಅವನ ನಡೆಯೇ ಬೇರೆ. ಸಂಜೆ ಅಂಗಳದಲ್ಲಿ ಹೊರಸು ಹಾಕಿಕೊಂಡು ಮೂಡಣಕ್ಕೆ ಮುಖ ಮಾಡಿ ಕೂಡುತ್ತಿದ್ದ. ಗಾಳಿ ಬಿದ್ದು, ಬೇವಿನ ಎಲೆ ಅಲುಗದೆ ನಿಂತು, ಮೈಯೆಲ್ಲ ಜಿಗಿಜಿಗಿ ಆದರೆ ನಮಗೆ ಸಂಕಟ, ಅವನಿಗೆ ಖುಷಿ. "ಹಿಂದಿನಿಂದ ಬರ್ಲತ್ತದ" ಅನ್ನುತ್ತಿದ್ದ. ಹಿಂದೆ ಅಂದರೆ ಪೂರ್ವ. ಎರಡು ತಿಂಗಳು ಪಡುಗಾಳಿಗೆ ಎದೆ ಕೊಟ್ಟು ಕೆಲಸ ಮಾಡಿದವರಿಗೆ ಪೂರ್ವ ಬೆನ್ನ ಹಿಂದೆಯೇ ಇರುತ್ತದೆ, ಅಲ್ವಾ.

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಎರೆ ಹೊಲದ ಈ ಮನುಷ್ಯ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾನು ಹತ್ತಿದವನು. ಅವನ ಎರಡು ಮಾತು ನನಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು. ತಡವಾಗಿದ್ದಕ್ಕೆ ಶಾಲೆಯ ಒಂದು ಪಾಠವೂ ಕಾರಣ.

ಆ ಪಾಠ ನಿಮಗೂ ಗೊತ್ತು. ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ನೆಲದ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗ ತುಂಬಲು ಸಮುದ್ರದ ಒದ್ದೆ ಗಾಳಿ ನುಗ್ಗುತ್ತದೆ, ಮಳೆಯಾಗುತ್ತದೆ. ಒಂದು ಮೇ ತಿಂಗಳಲ್ಲಿ, ಕರೆಂಟ್ ಹೋದ ಮಧ್ಯಾಹ್ನ, ಏಳನೇ ಕ್ಲಾಸು ಮುಗಿಸಿದ್ದ ಮಗಳು ಶಹಾಬಾದಿ ಫರ್ಸಿಯ ಮೇಲೆ ನೀರು ಚೆಲ್ಲಿಕೊಂಡು ಮಲಗಿದ್ದಳು. ಹೊರಗೆ 43 ಡಿಗ್ರಿ. ಕಲಬುರಗಿಗೆ ಇದೇನು ಹೊಸದಲ್ಲ. ಅವಳು ಕೇಳಿದಳು: "ಪಪ್ಪಾ, ನೆಲ ಕಾದರೆ ಮಳೆ ಬರೋದಾದರೆ ನಮಗೇ ಮೊದಲು ಬರಬೇಕಲ್ಲ? ಆಗುಂಬೆಗ್ಯಾಕ ಬರ್ತದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಘಟ್ಟ ಇದೆ, ನಾವು ಮಳೆನೆರಳಿನಲ್ಲಿದ್ದೇವೆ ಅಂತ ಏನೋ ತೇಲಿಸಿದೆ. ಅದು ಸುಳ್ಳಲ್ಲ. ಆದರೆ ಅವಳು ಕೇಳಿದ್ದು ಅದಲ್ಲ. ಕಾವಿಗೇ ಮಳೆ ಬರುವುದಾದರೆ ಕಾವಲಿಯಂತೆ ಕಾದ ಊರು ಯಾಕೆ ಒಣಗಿದೆ ಅನ್ನುವುದು ಅವಳ ತಕರಾರು.

ಸೂರ್ಯ ಕಲಬುರಗಿಯ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡು ಸಲ. ನಮ್ಮ ಊರು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ 10ರ ಆಜುಬಾಜು ಒಂದು ಸಲ, ಆಗಸ್ಟ್ 3ರ ಆಜುಬಾಜು ಇನ್ನೊಂದು ಸಲ, ಮಧ್ಯಾಹ್ನ ನೆಟ್ಟ ಗೂಟಕ್ಕೆ ನೆರಳೇ ಇರುವುದಿಲ್ಲ. ಅದೇ ಸೂರ್ಯ, ಅದೇ ನೆತ್ತಿ. ಮೊದಲ ಸಲ ಆಕಾಶ ಬಿಳಿಚಿಕೊಂಡಿರುತ್ತದೆ, ಭೂಮಿ ಬಾಯಿ ಬಿಟ್ಟಿರುತ್ತದೆ. ಎರಡನೇ ಸಲ ಗೂಟದ ನೆರಳು ನೋಡೋಣ ಅಂದರೆ ಮೋಡ ಬಿಡುವುದಿಲ್ಲ. ಈ ಎರಡು ದಿನಗಳ ನಡುವೆ ಏನೋ ಆಗಿದೆ. ಅದು ಕಲಬುರಗಿಯಲ್ಲಿ ಆದದ್ದಲ್ಲ.

ನೆಲ-ಕಡಲಿನ ಕಾವಿನ ವಿಚಾರವನ್ನು ಮೊದಲು ಬರೆದವನು ಎಡ್ಮಂಡ್ ಹ್ಯಾಲಿ. ಧೂಮಕೇತುವಿನ ಹ್ಯಾಲಿಯೇ. ವರ್ಷ 1686. ಅವನ ಮಾತು ಪೂರಾ ತಪ್ಪಲ್ಲ, ಆದರೆ ಮುನ್ನೂರು ವರ್ಷ ನಮ್ಮ ಪಾಠಗಳು ಅಲ್ಲೇ ಕೂತುಬಿಟ್ಟವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸುಲೋಚನಾ ಗಾಡ್ಗೀಳ್ ಇದನ್ನು ಮತ್ತೆ ಮತ್ತೆ ಎತ್ತಿ ಹೇಳಿದರು. ಮಳೆ ಕಡಿಮೆಯಾದ ವರ್ಷಗಳಲ್ಲಿ ನೆಲ ಜಾಸ್ತಿ ಕಾದಿರುತ್ತದೆ. ಕಾವೇ ಮಳೆಯನ್ನು ಎಳೆಯುವುದಾದರೆ ಆ ವರ್ಷಗಳಲ್ಲಿ ಮಳೆ ಜಾಸ್ತಿಯಾಗಬೇಕಿತ್ತು. ನಮ್ಮಲ್ಲಿ ಬರಗಾಲ ಕಂಡ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮಳೆ ಬಂದಿಲ್ಲ, ಅದಕ್ಕೇ ಇಷ್ಟು ಬಿಸಿಲು.

ಹಾಗಾದರೆ ಮಳೆ ಎಲ್ಲಿಂದ? ಗಾಡ್ಗೀಳ್ ಅವರ ಉತ್ತರಕ್ಕೆ ಇಡೀ ಭೂಮಿಯನ್ನು ನೋಡಬೇಕು. ಸಮಭಾಜಕದ ಅಕ್ಕಪಕ್ಕ ಭೂಮಿಯ ಸುತ್ತ ಒಂದು ಮೋಡದ ನಡುಪಟ್ಟಿ ಇದೆ. ಉತ್ತರ ದಕ್ಷಿಣ ಎರಡೂ ಕಡೆಯ ಗಾಳಿ ಅಲ್ಲಿ ಬಂದು ಸೇರುತ್ತದೆ, ಏರುತ್ತದೆ, ಮಳೆ ಸುರಿಸುತ್ತದೆ. ನೀರು ಇಳಿಸಿದ ಒಣ ಗಾಳಿ 15 ಕಿ.ಮೀ. ಮೇಲಕ್ಕೆ ಹೋಗಿ, ಧ್ರುವಗಳ ಕಡೆ ಹರಿದು, ಸುಮಾರು 30 ಡಿಗ್ರಿ ಅಕ್ಷಾಂಶದಲ್ಲಿ ಮತ್ತೆ ಕೆಳಗೆ ಇಳಿಯುತ್ತದೆ. ಇಳಿಯುವ ಗಾಳಿ ಕಾಯುತ್ತದೆ, ಮೋಡ ಕಟ್ಟಲು ಬಿಡುವುದಿಲ್ಲ. ಸಹಾರಾ, ಅರಬ್ ಮರುಭೂಮಿ ಆ ಸಾಲಿನಲ್ಲೇ ಬಿದ್ದಿವೆ. ಅಲ್ಲಿಂದ ಗಾಳಿ ನೆಲ, ಕಡಲು ಸವರಿಕೊಂಡು ಮತ್ತೆ ನಡುಪಟ್ಟಿಗೆ ಬರುತ್ತದೆ. ಬಾವಿಯ ರಾಟೆ ಇದ್ದ ಹಾಗೆ. 1735ರಲ್ಲಿ ಜಾರ್ಜ್ ಹ್ಯಾಡ್ಲಿ ಎಂಬ ಇಂಗ್ಲಿಷ್ ವಕೀಲ ಇದನ್ನು ಬರೆದ. ಹವಾಮಾನ ಅವನಿಗೆ ಬರೀ ಹವ್ಯಾಸ.

ಈ ನಡುಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಸೂರ್ಯನ ಹಿಂದೆ ಉತ್ತರಕ್ಕೂ ದಕ್ಷಿಣಕ್ಕೂ ಜರುಗುತ್ತದೆ. ಪೆಸಿಫಿಕ್‌ನಲ್ಲಿ ಅದರ ಓಡಾಟ ಸ್ವಲ್ಪವೇ. ನಮ್ಮ ಕಡೆ ಮಾತ್ರ ಜುಲೈ ಹೊತ್ತಿಗೆ ಗಂಗೆಯ ಬಯಲಿನವರೆಗೂ ಏರಿಬಿಡುತ್ತದೆ. ಮಾನ್ಸೂನ್ ಅಂದರೆ ಇದೇ. ನೆಲದ ಕಾವು ಈ ಪಟ್ಟಿಯನ್ನು ಅಷ್ಟು ಮೇಲಕ್ಕೆ ಕರೆದುಕೊಳ್ಳಲು ಸಹಾಯ ಮಾಡುತ್ತದೆ, ನಿಜ. ಆದರೆ ಕಾದ ಕೂಡಲೇ ಬರುವ ನೆಂಟ ಅದಲ್ಲ. ಮೇ ತಿಂಗಳಲ್ಲಿ ಪಟ್ಟಿ ಇನ್ನೂ ಕಡಲ ಮೇಲೇ ಇರುತ್ತದೆ. ನಮ್ಮ ತಲೆಯ ಮೇಲೆ ಇಳಿಯುವ ಒಣ ಗಾಳಿ ಗಡಿಗೆಗೆ ಮುಚ್ಚಳ ಇಟ್ಟ ಹಾಗೆ ಕೂತಿರುತ್ತದೆ. ಕೆಳಗೆ ಎಷ್ಟೇ ಕುದ್ದರೂ ಹಬೆ ಮೇಲೇಳುವುದಿಲ್ಲ. ಒಮ್ಮೊಮ್ಮೆ ಮುಚ್ಚಳ ಹಾರಿ ಅಡ್ಡಮಳೆ ಬರುತ್ತದೆ. ಗುಡುಗು, ಸಿಡಿಲು, ತಗಡು ಹಾರಿಸುವ ಗಾಳಿ, ಮರುದಿನ ಮತ್ತೆ ಅದೇ ಬಿಸಿಲು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ರೋಹಿಣಿ, ಮಿರಗ, ಆರಿದ್ರಾ ಅಂತ ನಾವು ಎಣಿಸುವ ಮಳೆಗಳು ಚಂದ್ರನ ಲೆಕ್ಕದವಲ್ಲ, ಸೂರ್ಯನ ಲೆಕ್ಕದವು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದು ಮಳೆ. ಹಬ್ಬ ಹುಣ್ಣಿಮೆಗಳಿಗೆ ಚಂದ್ರನ ಪಂಚಾಂಗ, ಬಿತ್ತಿಗೆಗೆ ಸೂರ್ಯನ ಪಂಚಾಂಗ. ಮೋಡದ ಪಟ್ಟಿ ಸೂರ್ಯನ ಹಿಂದೆ ಹೋಗುತ್ತದೆ ಅಂತ ಯಾರೂ ನಮ್ಮ ಹಿರಿಯರಿಗೆ ಹೇಳಿರಲಿಲ್ಲ. ಆದರೂ ಮಳೆ ಎಣಿಸಲು ಸರಿಯಾದ ಗಡಿಯಾರವನ್ನೇ ಹಿಡಿದಿದ್ದರು.

ಈಗ ಬರಿಗೊಡದ ಗಾಳಿಗೆ ಬರೋಣ.

ಜೂನ್‌ನಲ್ಲಿ ನಮ್ಮ ಟವೆಲ್ ಹಾರಿಸುವ ಗಾಳಿ ಹುಟ್ಟುವುದು ಸಮಭಾಜಕದ ಆಚೆ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕೆ. ಅಲ್ಲಿ ಆಗ ಚಳಿಗಾಲ. ಗಾಳಿಯ ಒತ್ತಡ ಜಾಸ್ತಿ. ಅಲ್ಲಿಂದ ಆಫ್ರಿಕಾದ ಕಡೆ ಹೊರಟ ಗಾಳಿಗೆ ಕೀನ್ಯಾ, ಇಥಿಯೋಪಿಯಾದ ಎತ್ತರದ ನೆಲ ಗೋಡೆಯಂತೆ ಅಡ್ಡ ಬರುತ್ತದೆ. ಗೋಡೆಗುಂಟ ಉತ್ತರಕ್ಕೆ ತಿರುಗಿ, ಸಮಭಾಜಕ ದಾಟಿ, ಸೊಮಾಲಿಯಾದ ಪಕ್ಕದಲ್ಲಿ ರಭಸ ಹಿಡಿದು ನಮ್ಮ ಕಡೆ ಬಾಗುತ್ತದೆ. ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಇದು ಹೊಳೆಯ ಹಾಗೆ ಹರಿಯುತ್ತದೆ. 1960ರ ದಶಕದಲ್ಲಿ ಬ್ರಿಟಿಷ್ ಹವಾಮಾನ ತಜ್ಞ ಫಿಂಡ್ಲೇಟರ್ ಇದನ್ನು ವಿವರವಾಗಿ ಗುರುತಿಸಿದ. ಸೊಮಾಲಿ ಜೆಟ್ ಅನ್ನುತ್ತಾರೆ.

ನಮ್ಮ ಕಡೆ ಬಾಗುವುದು ಯಾಕೆ? ಭೂಮಿ ತಿರುಗುವುದರಿಂದ. ಸಮಭಾಜಕದ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಕಲಬುರಗಿಯ ನೆಲ ಸುಮಾರು 1,600. ಸುಮ್ನೆ ಕಟ್ಟೆಯ ಮೇಲೆ ಕೂತಾಗಲೂ ನಾವು ಆ ವೇಗದಲ್ಲಿ ಹೋಗುತ್ತಿದ್ದೇವೆ. ಸಮಭಾಜಕದಿಂದ ಹೊರಟ ಗಾಳಿ ಆ ಹೆಚ್ಚಿನ ಓಟವನ್ನು ಜೊತೆಗೇ ತರುತ್ತದೆ. ನಿಧಾನವಾಗಿ ತಿರುಗುವ ನಮ್ಮ ನೆಲಕ್ಕಿಂತ ಮುಂದೆ ಓಡಿ ಪೂರ್ವಕ್ಕೆ ಬಾಗುತ್ತದೆ. ಹೀಗೆ ದಕ್ಷಿಣದಿಂದ ಬಂದದ್ದು ನಮಗೆ ನೈಋತ್ಯದ ಗಾಳಿಯಾಗುತ್ತದೆ.

ಅರಬ್ಬಿ ಸಮುದ್ರದ ಮೇಲೆ ಕೊಡ ತುಂಬುತ್ತದೆ. ಆಮೇಲೆ ಸಹ್ಯಾದ್ರಿ. ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಸುರುವುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ, ಮಹಾಬಳೇಶ್ವರಕ್ಕೆ 5,000ಕ್ಕಿಂತ ಜಾಸ್ತಿ. ಮಹಾಬಳೇಶ್ವರದಿಂದ ಪೂರ್ವಕ್ಕೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಬಂದರೆ ನಾವು. ವರ್ಷಕ್ಕೆ 700ರಿಂದ 800 ಮಿ.ಮೀ. ಘಟ್ಟ ಇಳಿದ ಗಾಳಿ ಮತ್ತೆ ಕಾಯುತ್ತದೆ, ಇನ್ನೂ ಒಣಗುತ್ತದೆ. ಮುತ್ಯಾ ಹೇಳಿದ "ಎಲ್ಲೋ" ಇದೇ. ಅವನು ಜೀವಮಾನದಲ್ಲಿ ಘಟ್ಟ ನೋಡಿರಲಿಲ್ಲ. ಪಂಢರಪುರದ ಆಚೆ ಹೋಗಿದ್ದಿಲ್ಲ.

ಅಲ್ಲಿ ಸುರುವಿದ ನೀರು ನಮಗೆ ಬೇರೆ ದಾರಿಯಲ್ಲಿ ಬರುತ್ತದೆ. ಭೀಮಾ ನದಿ ಹುಟ್ಟುವುದು ಅದೇ ಸಹ್ಯಾದ್ರಿಯ ಭೀಮಾಶಂಕರದಲ್ಲಿ. ನಮ್ಮ ಹೊಲದಲ್ಲಿ ಹೆಸರು ಬಾಡುತ್ತಿರುವಾಗ ಊರ ಮುಂದಿನ ಹೊಳೆ ದಡ ಮುಟ್ಟಿ ಹರಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ದೇವಲಗಾಣಗಾಪುರದ ಸಂಗಮದಲ್ಲಿ ಮೆಟ್ಟಿಲು ಮುಳುಗಿದವು ಅನ್ನುವ ಸುದ್ದಿ, ಅದೇ ದಿನ ಮಳೆಗಾಗಿ ಕತ್ತೆ ಮದುವೆ ಮಾಡಿದರು ಅನ್ನುವ ಸುದ್ದಿ.

ಬೆನ್ನ ಹಿಂದಿನ ಮಳೆಯ ಕಥೆ ಇನ್ನೂ ಚೆಂದ.

ನಡುಪಟ್ಟಿ ಗಂಗೆಯ ಬಯಲಿಗೆ ಹೋಗಿ ನಿಂತಾಗ ಅದರ ಪೂರ್ವದ ತುದಿ ಬಂಗಾಳ ಕೊಲ್ಲಿಗೆ ಇಳಿದಿರುತ್ತದೆ. ಆ ತುದಿಯಲ್ಲಿ ಆಗಾಗ ಗಾಳಿ ಸುಳಿ ಕಟ್ಟುತ್ತದೆ. ವಾಯುಭಾರ ಕುಸಿತ ಅಂತ ರೇಡಿಯೊದಲ್ಲಿ ಹೇಳುತ್ತಿದ್ದರಲ್ಲ, ಅದೇ. ಜುಲೈನಲ್ಲಿ ಹುಟ್ಟಿದ ಸುಳಿ ಒಡಿಶಾ ಹೊಕ್ಕು ಛತ್ತೀಸಗಡ, ಮಧ್ಯಪ್ರದೇಶದ ದಾರಿ ಹಿಡಿಯುತ್ತದೆ. ನಮಗೆ ಸೆರಗೂ ಸೋಕುವುದಿಲ್ಲ. ಆಗಸ್ಟ್ ಕಳೆದಂತೆ ಪಟ್ಟಿ ದಕ್ಷಿಣಕ್ಕೆ ಜಾರತೊಡಗುತ್ತದೆ. ಸುಳಿಗಳೂ ಕೆಳಗೆ ಹುಟ್ಟುತ್ತವೆ. ಆಂಧ್ರದ ಕರಾವಳಿ ಹತ್ತಿ ತೆಲಂಗಾಣದ ಮೇಲಿಂದ ಬೀದರ, ಕಲಬುರಗಿ, ಯಾದಗಿರಿಯ ಕಡೆ ಬರುತ್ತವೆ. ಮಧ್ಯೆ ಸಹ್ಯಾದ್ರಿಯಂಥ ಗೋಡೆ ಇಲ್ಲ. ಕೊಡ ತುಂಬಿದಂತೆಯೇ ಬಂದು ಬಾಗಿಲಿಗೆ ನಿಲ್ಲುತ್ತದೆ. ನಮಗೆ ಅತಿ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್ ಆಗಿರುವುದು ಇದಕ್ಕೇ. "ಮಘಾ ಮಳೆ ಬಂದಷ್ಟೂ ಚಲೋ, ಮನೆ ಮಗ ಉಂಡಷ್ಟೂ ಚಲೋ" ಅನ್ನುವ ಮಾತು ನಮ್ಮ ಕಡೆ ಸುಮ್ನೆ ಹುಟ್ಟಿದ್ದಲ್ಲ. ಮಘಾ, ಹುಬ್ಬಿ, ಉತ್ತರಿ ಕೈಹಿಡಿದರೆ ಎರೆ ಮಣ್ಣಿನ ಹೊಟ್ಟೆಯಲ್ಲಿ ಹಸಿ ಕೂಡುತ್ತದೆ. ಆ ಹಸಿಯ ಮೇಲೆ ತೊಗರಿ ಹೂ ಹಿಡಿದು ಕಾಯಿ ಕಟ್ಟುತ್ತದೆ, ಹಿಂಗಾರಿ ಜೋಳ ಮೊಳೆಯುತ್ತದೆ. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲುವಾಗ ಕಾಲ ಕೆಳಗಿನ ಹಸಿರೆಲ್ಲ ಬಹುಪಾಲು ಬಂಗಾಳ ಕೊಲ್ಲಿಯದು.

ಕಡಲು ಕಾದಿದ್ದರೂ ಜುಲೈ-ಆಗಸ್ಟ್‌ನಲ್ಲಿ ಈ ಸುಳಿಗಳು ಚಂಡಮಾರುತವಾಗಿ ಬೆಳೆಯುವುದು ತೀರ ಅಪರೂಪ. ಇದಕ್ಕೆ ಕಾರಣ ನಮ್ಮ ತಲೆಯ ಮೇಲೆ 14-15 ಕಿ.ಮೀ. ಎತ್ತರದಲ್ಲಿ ಹರಿಯುವ ಇನ್ನೊಂದು ಗಾಳಿ. ಕೆಳಗಿನ ಗಾಳಿ ಪಶ್ಚಿಮದಿಂದ ಬಂದರೆ ಇದು ಪೂರ್ವದಿಂದ ಬರುತ್ತದೆ. ಬೇಸಿಗೆಯಲ್ಲಿ ಟಿಬೆಟ್‌ನ ಎತ್ತರದ ನೆಲವೂ ಮಳೆಮೋಡಗಳೂ ಮೇಲಿನ ಗಾಳಿಯನ್ನು ಕಾಯಿಸುವುದರಿಂದ ಹುಟ್ಟುವ ಹೊಳೆ ಇದು. 1958ರಲ್ಲಿ ಇದರ ಬಗ್ಗೆ ಬರೆದವರು ಪಿ. ಕೋಟೇಶ್ವರಂ. ಮುಂದೆ ಅವರು ನಮ್ಮ ಹವಾಮಾನ ಇಲಾಖೆಯ ಮುಖ್ಯಸ್ಥರಾದರು. ಚಂಡಮಾರುತ ಅಂದರೆ ಬುಡದಿಂದ ತುದಿಯವರೆಗೆ ನೆಟ್ಟಗೆ ನಿಲ್ಲಬೇಕಾದ ಮೋಡದ ಬಣವೆ. ಬಣವೆ ಒಟ್ಟುವಾಗ ಬುಡವನ್ನು ಒಬ್ಬ ಪೂರ್ವಕ್ಕೆ, ತುದಿಯನ್ನು ಇನ್ನೊಬ್ಬ ಪಶ್ಚಿಮಕ್ಕೆ ಎಳೆದರೆ ಅದು ನಿಲ್ಲುತ್ತದೆಯೇ? ಮಾನ್ಸೂನ್‌ಗೆ ಮುಂಚೆ ಏಪ್ರಿಲ್-ಮೇನಲ್ಲಿ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ಎಳೆದಾಟ ಕಮ್ಮಿ. ಆಗ ಬಣವೆ ಎದ್ದು ನಿಲ್ಲುತ್ತದೆ. ನೀರಿನ ಆವಿ ಮೋಡವಾಗುವಾಗ, ಕಡಲಿನಿಂದ ತಂದ ಕಾವನ್ನು ಬಿಟ್ಟುಕೊಡುತ್ತದೆ. ಆ ಕಾವೇ ಅದರ ಉರುವಲು. ನೆಲ ಹತ್ತಿದರೆ ಉರುವಲು ನಿಲ್ಲುತ್ತದೆ, ಕುಸಿಯುತ್ತದೆ.

ಚಂಡಮಾರುತವಾಗಿ ಬೆಳೆಯದ ಸುಳಿಗೆ ಹೆಸರಿರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ನಮ್ಮ ಮನೆಗೆ ನೀರು ತಂದದ್ದಕ್ಕೂ ಹೆಸರಿರಲಿಲ್ಲ. ಗಂಟೆಗೆ 62 ಕಿ.ಮೀ. ಗಾಳಿ ಬೀಸಿದರೆ ಮಾತ್ರ ಚಂಡಮಾರುತ, ಆಗ ಮಾತ್ರ ನಾಮಕರಣ. ಇದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ನೆಲ ಹತ್ತಿತು. ಅವತ್ತು ರಾತ್ರಿ ಹೈದರಾಬಾದ್ ಮುಳುಗಿದ್ದನ್ನು ಟಿ.ವಿ.ಯಲ್ಲಿ ನೋಡಿ ಅಯ್ಯೋ ಪಾಪ ಅಂದೆವು. ಮರುದಿನ ನಮ್ಮ ಸರದಿ. ಮಳೆಯ ಹಿಂದೆಯೇ ಭೀಮೆ. ಮಹಾರಾಷ್ಟ್ರದ ಕಡೆಯೂ ಅದೇ ಸುಳಿ ಸುರಿದಿತ್ತು, ಮೇಲಿನ ಅಣೆಕಟ್ಟುಗಳ ನೀರೂ ಬಂತು. ಈ ಒಂದು ಸಲ ಎದುರಿನ ನೀರು, ಬೆನ್ನ ಹಿಂದಿನ ನೀರು ಎರಡೂ ಒಟ್ಟಿಗೆ ನಮ್ಮೂರಲ್ಲಿ ಕೂಡಿದವು. ಕಾಕಾನ ಹೊಲದ ತೊಗರಿ ಹೂ ಬಿಡುವ ಹೊತ್ತಿಗೆ ವಾರವಿಡೀ ನೀರಲ್ಲಿ ನಿಂತು ಕಪ್ಪಾಯಿತು. ತೊಗರಿಗೆ ಕಾಲು ಒದ್ದೆಯಾದರೆ ಆಗದು.

ಮುಂದಿನ ವರ್ಷ ಬಂದದ್ದಕ್ಕೆ ಚೆಂದದ ಹೆಸರಿತ್ತು: ಗುಲಾಬ್. ಪಾಕಿಸ್ತಾನ ಕೊಟ್ಟ ಹೆಸರು. ಹಳೇ ಗುಲಬರ್ಗಾದವರಿಗೆ ಹೂವಿನ ಹೆಸರಿನ ಚಂಡಮಾರುತ ಅಂದರೆ ನಗು ಬರದೇ ಇರುತ್ತದೆಯೇ. 2021ರ ಸೆಪ್ಟೆಂಬರ್ 26ರಂದು ಆಂಧ್ರದ ಉತ್ತರ ಕರಾವಳಿ ಹತ್ತಿ, ತೆಲಂಗಾಣ, ಮರಾಠವಾಡಾ ದಾಟಿ, ಸೊರಗಿ ಸೊರಗಿ ಅರಬ್ಬಿ ಸಮುದ್ರ ಮುಟ್ಟಿತು. ಅಲ್ಲಿ ಬಿಸಿ ನೀರು ಕುಡಿದು ಮತ್ತೆ ಎದ್ದಿತು. ಹೊಸ ಹೆಸರು ಶಾಹೀನ್. ಒಂದು ವಾರದಲ್ಲಿ ಒಮಾನ್‌ಗೆ ಹೋಗಿ ಬಡಿಯಿತು. ಅಂದರೆ ಮರುಭೂಮಿಗೆ ಹೋಗುವ ಮಳೆ ದಖ್ಖನ್ನಿನ ಮೇಲೆ ಹಾದು ಹೋಯಿತು. ಈ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ ಅಂದರೆ ನಂಬುತ್ತೀರೋ ಇಲ್ಲವೋ.

ಬಾರದ ವರ್ಷಗಳ ಲೆಕ್ಕ ಇನ್ನೂ ದೂರದ್ದು. ನಮ್ಮ ಆಯಿ ಎಪ್ಪತ್ತೆರಡರ ಬರದ ಬಗ್ಗೆ ಹೇಳುವಾಗ ಕೆಂಪು ಜೋಳದ ರೊಟ್ಟಿಯ ಮಾತು ಬಂದರೆ ಮುಖ ಕಿವುಚುತ್ತಿದ್ದಳು. 1972ರಲ್ಲಿ ಎಲ್ ನಿನೊ ಇತ್ತು. 1876-78ರ ದಖ್ಖನ್ನಿನ ದೊಡ್ಡ ಬರದಲ್ಲೂ ಇತ್ತು. ಪೆಸಿಫಿಕ್‌ನಲ್ಲಿ ಸಾಮಾನ್ಯವಾಗಿ ಇಂಡೊನೇಷ್ಯಾದ ಕಡೆ ಬಿಸಿ ನೀರು ಇರುತ್ತದೆ, ಗಾಳಿ ಅಲ್ಲಿ ಏರುತ್ತದೆ. ಕೆಲವು ವರ್ಷ ಆ ಬಿಸಿ ನೀರು ಪೆರುವಿನ ಕಡೆ ಸರಿಯುತ್ತದೆ. ಅದೇ ಎಲ್ ನಿನೊ. ಏರುವ ಜಾಗ ಸರಿದರೆ ಇಳಿಯುವ ಜಾಗವೂ ಸರಿಯುತ್ತದೆ, ನಮ್ಮ ಕಡೆ ಇಳಿಯುತ್ತದೆ. ಮತ್ತೆ ಗಡಿಗೆಗೆ ಮುಚ್ಚಳ. 1904ರಲ್ಲಿ ಭಾರತಕ್ಕೆ ಬಂದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞ, ಮಳೆ ಮುಂಚಿತವಾಗಿ ಹೇಳಲು ಹೋಗಿ ಭೂಮಿಯ ಎರಡು ಕಡೆಯ ಗಾಳಿಯೊತ್ತಡ ತಕ್ಕಡಿಯಂತೆ ತೂಗುವುದನ್ನು ಕಂಡುಹಿಡಿದ. ಆದರೂ ಇದೇ ಕೊನೆಯ ಮಾತಲ್ಲ. 1997ರಲ್ಲಿ ಭಾರೀ ಎಲ್ ನಿನೊ ಇದ್ದರೂ ದೇಶದ ಮಳೆ ಸರಿಯಾಗೇ ಆಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಆ ವರ್ಷ ಜಾಸ್ತಿ ಬೆಚ್ಚಗಿತ್ತು, ಅದು ಕೈ ಹಿಡಿಯಿತು ಅನ್ನುತ್ತಾರೆ. 2023ರ ಆಗಸ್ಟ್‌ನಲ್ಲಿ ಹಾಗೆ ಯಾರೂ ಕೈ ಹಿಡಿಯಲಿಲ್ಲ. ಆ ಆಗಸ್ಟ್, 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ನಮ್ಮ ಎರೆ ಹೊಲದ ಬಿರುಕಿನಲ್ಲಿ ಕಾಕಾನ ಬಡಿಗೆ ಅರ್ಧ ಇಳಿಯುತ್ತಿತ್ತು.

ಮಗಳಿಗೆ ಈಗ ಇದೆಲ್ಲ ಹೇಳಿದ್ದೇನೆ. ಅವಳು ನನಗಿಂತ ಚುರುಕು. ಫೋನಿನಲ್ಲಿ ಉಪಗ್ರಹದ ಚಿತ್ರ ತೆಗೆದು, ಸುಳಿಯ ಬಿಳಿ ಉಂಡೆ ಎಲ್ಲಿದೆ ಅಂತ ತೋರಿಸುತ್ತಾಳೆ.

ಮೊನ್ನೆ ಊರಿಂದ ಕಾಕಾ ಫೋನ್ ಮಾಡಿದ್ದ. ಉದ್ದು ಕೊಯ್ಲಿಗೆ ಬಂದಿದೆ. ಆಳು ಸಿಗುವುದು ಎರಡೇ ದಿನ. ಕೊಯ್ದು ಹಾಕಿದ ಮೇಲೆ ಮಳೆ ಬಂದರೆ ಕಾಳು ಮೊಳಕೆ ಒಡೆಯುತ್ತದೆ. ಕೊಯ್ಯದೆ ಬಿಟ್ಟರೆ ಕಾಯಿ ಸಿಡಿಯುತ್ತದೆ.

"ಆ ನಿನ್ನ ಉಂಡಿ ಎಲ್ಲಿ ಅದ ನೋಡು" ಅಂದ.

"ಆಂಧ್ರದ ದಂಡಿಗೆ ಅದ ಕಾಕಾ. ಮೂರು ದಿನ ಅಂತಾರ. ನಮ್ಮ ಕಡಿಗೇ ಬರ್ತದ ಅಂತ ಹೇಳಾಕ ಆಗಲ್ಲ."

"ಇಲ್ಲಿ ಬೇವಿನ ಗಿಡ ಅಲಗವಲ್ದು" ಅಂದ ಕಾಕಾ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಆಮೇಲೆ ಅವನೇ, ಕೆರೆ ದಂಡೆಯ ಹೊಲ ನಾಳೆ ಕೊಯ್ಸ್ತೀನಿ, ದಿನ್ನಿದು ಬಿಡ್ತೀನಿ, ಅಂದು ಫೋನ್ ಇಟ್ಟ.